ಎದೆಯುರಿ, ಹುಳಿತೇಗು: ಮಾತ್ರೆ ನುಂಗುವ ಮುನ್ನ ತಿಳಿದಿರಬೇಕಾದ ಸಂಗತಿಗಳು



ತೋಟಕ್ಕೆ ಎಷ್ಟು ಸುಣ್ಣ, ಯಾವ ಗೊಬ್ಬರ, ಯಾವ ತಿಂಗಳು ಎಂಬುದನ್ನು ಈ ಪುಟಗಳಲ್ಲಿ ಎಷ್ಟೋ ಸಲ ಚರ್ಚಿಸಿದ್ದೇವೆ. ಈ ಸಂಚಿಕೆಯಲ್ಲಿ ತೋಟವನ್ನು ಬಿಟ್ಟು ತೋಟಗಾರನ ಹೊಟ್ಟೆಯ ವಿಷಯಕ್ಕೆ ಬರೋಣ. ಕಾರಣವಿದೆ. ಸಂಘದ ಕಛೇರಿಗೆ ಬರುವ ಹತ್ತು ಜನರಲ್ಲಿ ಮೂರು ನಾಲ್ಕು ಮಂದಿಯ ಅಂಗಿಯ ಜೇಬಿನಲ್ಲಿ ಒಂದು ಮಾತ್ರೆಯ ಪಟ್ಟಿ ಕಾಣುತ್ತದೆ. ಏನೆಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಗ್ಯಾಸಿಂದು." ಹೆಸರು ಕೇಳಿದರೆ ಗೊತ್ತಿಲ್ಲ, ಎಷ್ಟು ದಿನದಿಂದ ಎಂದರೆ ಲೆಕ್ಕವಿಲ್ಲ, ಎಷ್ಟು ದಿನದವರೆಗೆ ಎಂದರೆ ನಗು. ಕೊಳೆರೋಗಕ್ಕೆ ಹೊಡೆಯುವ ಮದ್ದಿನ ಪಾಕವನ್ನು ಕಣ್ಣುಮುಚ್ಚಿ ಹೇಳಬಲ್ಲ ನಾವು, ನಮ್ಮ ಒಡಲಿಗೆ ಹಾಕುವ ಮದ್ದಿನ ವಿಷಯದಲ್ಲಿ ಇಷ್ಟು ಉದಾಸೀನರಾಗಿರುವುದು ಸರಿಯಲ್ಲ.

ನಾವು ವೈದ್ಯರಲ್ಲ. ವೈದ್ಯರ ಬಳಿ ಹೋದಾಗ ಸರಿಯಾದ ಪ್ರಶ್ನೆ ಕೇಳುವಷ್ಟು ತಿಳಿವಳಿಕೆ ಸದಸ್ಯರಿಗೆ ಇರಲಿ ಎಂಬುದಷ್ಟೇ ಈ ಪಾಠದ ಉದ್ದೇಶ.

1. ಉರಿ ಎಲ್ಲಿಂದ ಬರುತ್ತದೆ?

ನಮ್ಮ ಜಠರದಲ್ಲಿ ದಿನಕ್ಕೆ ಸುಮಾರು ಒಂದೂವರೆಯಿಂದ ಎರಡು ಲೀಟರಿನಷ್ಟು ಜಠರರಸ ಊರುತ್ತದೆ. ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ಮಣ್ಣು ಪರೀಕ್ಷೆಯ ವರದಿಯಲ್ಲಿ ಪಿ.ಎಚ್. 5 ಎಂದಿದ್ದರೆ ಮಣ್ಣು ಹುಳಿಯಾಗಿದೆ, ಸುಣ್ಣ ಹಾಕಬೇಕು ಎನ್ನುತ್ತೇವಲ್ಲವೇ? ಹಸಿದ ಹೊಟ್ಟೆಯ ಪಿ.ಎಚ್. 2ರ ಆಸುಪಾಸಿನಲ್ಲಿರುತ್ತದೆ. ಪಿ.ಎಚ್. ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಏರುತ್ತದೆ. ಅಂದರೆ ಆ ಮಣ್ಣಿಗಿಂತ ಹೊಟ್ಟೆಯ ರಸ ಸಾವಿರ ಪಟ್ಟು ಹುಳಿ. ಜಠರದ ಒಳಗೋಡೆಗೆ ಇದನ್ನು ತಾಳಿಕೊಳ್ಳುವ ಲೋಳೆಯ ಹೊದಿಕೆ ಇದೆ. ಅನ್ನನಾಳಕ್ಕೆ ಅಂಥ ಹೊದಿಕೆ ಇಲ್ಲ.

ಅನ್ನನಾಳವು ಜಠರವನ್ನು ಸೇರುವ ಜಾಗದಲ್ಲಿ ಸ್ನಾಯುವಿನ ಒಂದು ಬಿಗಿಪಟ್ಟಿ ಇದೆ. ಪಂಪ್‌ಸೆಟ್ಟಿನ ಫುಟ್‌ವಾಲ್ವಿನ ಕೆಲಸವೇ ಇದರದೂ: ಒಂದು ಕಡೆಗೆ ಬಿಡಬೇಕು, ಹಿಂದಕ್ಕೆ ಬಿಡಬಾರದು. ಇದು ಸಡಿಲವಾದಾಗ ಹುಳಿರಸ ಮೇಲಕ್ಕೆ ನುಗ್ಗುತ್ತದೆ. ಎದೆಮೂಳೆಯ ಹಿಂದೆ ಉರಿ, ಬಾಯಿಗೆ ಹುಳಿನೀರು, ರಾತ್ರಿ ಮಲಗಿದಾಗ ಕೆಮ್ಮು, ಬೆಳಿಗ್ಗೆ ಗೊಗ್ಗರು ದನಿ, ಇವೆಲ್ಲ ಇದರ ಲಕ್ಷಣಗಳು. ಹೊಟ್ಟೆಯ ಬೊಜ್ಜು, ತುಂಬಿದ ಹೊಟ್ಟೆಯಲ್ಲಿ ಬಗ್ಗುವುದು, ಉಂಡ ಕೂಡಲೇ ಮಲಗುವುದು, ಬೀಡಿ, ಹೊಗೆಸೊಪ್ಪು, ಮದ್ಯ, ಗರ್ಭಿಣಿಯರಲ್ಲಿ ಹೊಟ್ಟೆಯ ಒತ್ತಡ, ಇವು ಈ ಪಟ್ಟಿಯನ್ನು ಸಡಿಲಿಸುತ್ತವೆ ಇಲ್ಲವೇ ಅದರ ಮೇಲೆ ಭಾರ ಹಾಕುತ್ತವೆ. ರಕ್ತದೊತ್ತಡಕ್ಕೆ ಕೊಡುವ ಆಮ್ಲೋಡಿಪಿನ್ ಜಾತಿಯ ಮಾತ್ರೆಯೂ ಕೆಲವರಲ್ಲಿ ಹೀಗೆ ಮಾಡುವುದುಂಟು. ಹಾಗೆಂದು ಅದನ್ನು ತಾವಾಗಿ ನಿಲ್ಲಿಸಬಾರದು, ವೈದ್ಯರಿಗೆ ಹೇಳಬೇಕು.

ಇಲ್ಲಿ ಗಮನಿಸಬೇಕಾದ ಮುಖ್ಯ ಮಾತು: ನಾವು ನುಂಗುವ ಯಾವ ಆಮ್ಲದ ಮಾತ್ರೆಯೂ ಈ ವಾಲ್ವನ್ನು ರಿಪೇರಿ ಮಾಡುವುದಿಲ್ಲ. ಮೇಲೆ ಬರುವ ನೀರಿನ ಹುಳಿಯನ್ನು ತಗ್ಗಿಸುತ್ತದೆ, ಅಷ್ಟೇ.

2. ಮದ್ದುಗಳಲ್ಲಿ ಮೂರು ಜಾತಿ

ಮೊದಲನೆಯ ಜಾತಿ: ಹುಳಿಯನ್ನು ಮುರಿಯುವವು. ಬೋರ್ಡೋ ದ್ರಾವಣ ಮಾಡುವಾಗ ಮೈಲುತುತ್ತದ ಹುಳಿಯನ್ನು ಸುಣ್ಣ ಮುರಿಯುವಂತೆಯೇ ಇವು. ಅಡುಗೆ ಸೋಡಾ, ನೀರಿಗೆ ಹಾಕಿದರೆ ಬುರುಗು ಬರುವ ಪುಡಿ, ಮೆಗ್ನೀಸಿಯಂ ಮತ್ತು ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಸೇರಿದ ಗುಲಾಬಿ ಬಣ್ಣದ ದ್ರವ, ಜಗಿಯುವ ಮಾತ್ರೆ, ಎಲ್ಲವೂ ಈ ಗುಂಪಿನವೇ. ಕೆಲವೇ ನಿಮಿಷಗಳಲ್ಲಿ ಗುಣ ಕಾಣುತ್ತದೆ. ಆದರೆ ಖಾಲಿ ಹೊಟ್ಟೆಯಲ್ಲಿ ಅರ್ಧ ತಾಸು, ಊಟದ ನಂತರ ತೆಗೆದುಕೊಂಡರೆ ಎರಡು ಮೂರು ತಾಸು ಮಾತ್ರ ಇದರ ಆಯುಷ್ಯ. ಮೆಗ್ನೀಸಿಯಂ ಹೆಚ್ಚಾದರೆ ಭೇದಿ, ಅಲ್ಯೂಮಿನಿಯಂ ಹೆಚ್ಚಾದರೆ ಮಲಬದ್ಧತೆ. ಸೋಡಾದಲ್ಲಿ ಸೋಡಿಯಂ ಇರುವುದರಿಂದ ರಕ್ತದೊತ್ತಡ, ಹೃದಯದ ತೊಂದರೆ ಇರುವವರು ಅದರಿಂದ ದೂರವಿರುವುದು ಲೇಸು. ಮೂತ್ರಪಿಂಡದ ಕಾಯಿಲೆಯವರು ಈ ಜಾತಿಯ ಯಾವುದನ್ನೂ ಕೇಳದೆ ಮುಟ್ಟಬಾರದು. ಈ ದ್ರವಗಳಲ್ಲೇ ಕೆಲವಕ್ಕೆ ಆಲ್ಜಿನೇಟ್ ಎಂಬ ಕಡಲಪಾಚಿಯ ಅಂಟು ಸೇರಿರುತ್ತದೆ. ಅದು ಉಂಡ ಅನ್ನದ ಮೇಲೆ ಕೆನೆಯಂತೆ ತೇಲಿ ಹುಳಿಯನ್ನು ಕೆಳಗೇ ತಡೆಯುತ್ತದೆ. ಊಟದ ನಂತರ ಮತ್ತು ಮಲಗುವ ಮುನ್ನ ಇದು ಉಪಯುಕ್ತ.

ಎರಡನೆಯ ಜಾತಿ: ಹುಳಿಗೆ ಹೊರಡುವ ಆಜ್ಞೆಯನ್ನು ತಡೆಯುವವು. ಊಟ ಬಂದಾಗ ಹಿಸ್ಟಮಿನ್ ಎಂಬ ವಸ್ತು ಆಮ್ಲದ ಜೀವಕೋಶಗಳಿಗೆ ಸಂದೇಶ ಕೊಡುತ್ತದೆ. ಆ ಸಂದೇಶವನ್ನು ಬಾಗಿಲಲ್ಲೇ ತಡೆದರೆ ಆಮ್ಲ ಕಡಿಮೆಯಾಗುತ್ತದೆ ಎಂಬ ದಾರಿಯನ್ನು ಹುಡುಕಿದವರು ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್. 1976ರಲ್ಲಿ ಸಿಮೆಟಿಡಿನ್ ಮಾರುಕಟ್ಟೆಗೆ ಬಂತು. 1988ರ ವೈದ್ಯಕೀಯ ನೊಬೆಲ್ ಪಾರಿತೋಷಕದಲ್ಲಿ ಅವರಿಗೂ ಪಾಲು ದೊರೆಯಿತು. ಮುಂದೆ ಬಂದ ರ‍್ಯಾನಿಟಿಡಿನ್, ಫ್ಯಾಮೋಟಿಡಿನ್ ಇದೇ ವಂಶದವು. ಒಂದು ತಾಸಿನಲ್ಲಿ ಕೆಲಸ ಶುರು, ಹತ್ತು ಹನ್ನೆರಡು ತಾಸು ಪರಿಣಾಮ. ದಿನವೂ ನುಂಗುತ್ತಾ ಹೋದರೆ ಒಂದೆರಡು ವಾರದಲ್ಲಿ ದೇಹ ಒಗ್ಗಿಕೊಂಡು ಗುಣ ಕುಗ್ಗುತ್ತದೆ. ಯಾವಾಗಲೋ ಒಮ್ಮೆ ಉರಿ ಬರುವವರಿಗೆ ಇದು ಹೊಂದುತ್ತದೆ.

ರ‍್ಯಾನಿಟಿಡಿನ್ ಬಗ್ಗೆ ಎರಡು ಮಾತು ಅಗತ್ಯ, ಏಕೆಂದರೆ ನಮ್ಮ ಮನೆಗಳ ಮದ್ದಿನ ಡಬ್ಬಿಯಲ್ಲಿ ಬಹುಕಾಲ ರಾಜ್ಯವಾಳಿದ ಮಾತ್ರೆ ಇದು. 2019ರಲ್ಲಿ ಇದರಲ್ಲಿ ಎನ್.ಡಿ.ಎಂ.ಎ. ಎಂಬ, ಕ್ಯಾನ್ಸರ್ ತರಬಹುದಾದ ಕಲ್ಮಶ ಪತ್ತೆಯಾಯಿತು. ಮಾತ್ರೆ ಹಳತಾದಂತೆ, ಬಿಸಿ ಜಾಗದಲ್ಲಿಟ್ಟಂತೆ ಈ ಕಲ್ಮಶ ಹೆಚ್ಚುತ್ತದೆಂದು ಕಂಡಿತು. 2020ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಮಾರುಕಟ್ಟೆಯಿಂದ ಹಿಂತೆಗೆಯಲು ಹೇಳಿದರು. ನಮ್ಮ ದೇಶದಲ್ಲಿ 2022ರ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಿಂದ ಇದನ್ನು ಕೈಬಿಡಲಾಯಿತು. ತಿಂದವರೆಲ್ಲ ಹೆದರಿ ಕೂರಬೇಕಾಗಿಲ್ಲ. ಆದರೆ ಅಡಿಕೆ ಬೇಯಿಸುವ ಒಲೆಯ ಮೇಲಿನ ಅಟ್ಟದಲ್ಲಿ ವರ್ಷಗಟ್ಟಲೆ ಇಟ್ಟ ಹಳೆಯ ಪಟ್ಟಿಗಳನ್ನು ಇಂದೇ ಎಸೆಯಿರಿ. ಇದೇ ಜಾತಿಯ ಮದ್ದು ಬೇಕಿದ್ದರೆ ಫ್ಯಾಮೋಟಿಡಿನ್ ಆಗಬಹುದೇ ಎಂದು ವೈದ್ಯರನ್ನು ಕೇಳಿರಿ.

ಮೂರನೆಯ ಜಾತಿ: ಆಮ್ಲದ ಪಂಪನ್ನೇ ನಿಲ್ಲಿಸುವವು. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರ‍್ಯಾಬೆಪ್ರಜೋಲ್, ಎಸೊಮೆಪ್ರಜೋಲ್, ಹೀಗೆ "ಪ್ರಜೋಲ್" ಎಂದು ಮುಗಿಯುವ ಹೆಚ್ಚಿನ ಹೆಸರುಗಳು ಈ ಕುಲದವು. ಮೊದಲನೆಯದಾದ ಒಮೆಪ್ರಜೋಲ್ 1988ರಲ್ಲಿ ಬಂತು. ಈಗ ಜೇಬುಗಳಲ್ಲಿ ಕಾಣುವುದು ಹೆಚ್ಚಾಗಿ ಇವೇ. ಅನ್ನನಾಳ ಹುಣ್ಣಾಗಿದ್ದರೆ ಮಾಯಿಸುವುದರಲ್ಲಿ ಇವಕ್ಕೆ ಸಮನಾದ ಮದ್ದಿಲ್ಲ. ಆದರೆ ಇವುಗಳನ್ನು ನುಂಗುವ ಕ್ರಮವೇ ಬಹುಪಾಲು ಜನರಿಗೆ ತಿಳಿಯದು.

3. ಊಟಕ್ಕೆ ಮೊದಲೇ ಏಕೆ?

"ಪ್ರಜೋಲ್" ಮಾತ್ರೆ ನೇರವಾಗಿ ಹೊಟ್ಟೆಯ ಹುಳಿಯ ಮೇಲೆ ಕೆಲಸ ಮಾಡುವುದಿಲ್ಲ. ಅದಕ್ಕೆ ಒಂದು ಕವಚವಿದೆ. ಕರುಳಿಗೆ ಹೋಗಿ ಕರಗಿ, ರಕ್ತದ ಮೂಲಕ ಬಂದು, ಚಾಲನೆಯಲ್ಲಿರುವ ಆಮ್ಲದ ಪಂಪುಗಳನ್ನು ಹಿಡಿದು ನಿಲ್ಲಿಸುತ್ತದೆ. ಪಂಪುಗಳು ಚಾಲೂ ಆಗುವುದು ಊಟ ಬಂದಾಗ. ಮದ್ದು ರಕ್ತದಲ್ಲಿ ಉಳಿಯುವುದು ಒಂದೆರಡು ತಾಸು ಮಾತ್ರ. ಆದ್ದರಿಂದ ಪಂಪು ಶುರುವಾಗುವ ಹೊತ್ತಿಗೆ ಮದ್ದು ರಕ್ತದಲ್ಲಿ ಕಾದಿರಬೇಕು. ಬೆಳಗಿನ ತಿಂಡಿಗೆ ಅರ್ಧ ತಾಸಿನಿಂದ ಒಂದು ತಾಸು ಮೊದಲು ಎಂಬ ನಿಯಮದ ಅರ್ಥ ಇದು. ಬೋರ್ಡೋ ಸಿಂಪಡಣೆಯನ್ನು ಮಳೆ ಹಿಡಿಯುವ ಮುನ್ನ ಮಾಡುವುದಕ್ಕೂ, ಕೊಳೆ ಬಿದ್ದ ಮೇಲೆ ದೋಟಿ ಹಿಡಿದು ಓಡುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. ರಾತ್ರಿ ಮದುವೆ ಊಟ ಮುಗಿಸಿ, ಉರಿ ಹತ್ತಿದ ಮೇಲೆ ಪ್ಯಾಂಟೊಪ್ರಜೋಲ್ ನುಂಗಿದರೆ ಹೆಚ್ಚಿನ ಪ್ರಯೋಜನವಿಲ್ಲ. ಆ ಹೊತ್ತಿಗೆ ಮೊದಲ ಜಾತಿಯ ಮದ್ದೇ ಸರಿ.

ಕವಚವಿರುವ ಮಾತ್ರೆಯನ್ನು ಜಗಿಯಬಾರದು, ಪುಡಿ ಮಾಡಬಾರದು. ಪೂರ್ಣ ಗುಣ ಕಾಣಲು ಮೂರು ನಾಲ್ಕು ದಿನ ಬೇಕು. ಮೊದಲ ದಿನವೇ ಆಗಲಿಲ್ಲವೆಂದು ಎರಡೆರಡು ನುಂಗಬಾರದು.

4. ಹೆಸರು ನೂರು, ಮದ್ದು ಒಂದು

ಗೊಬ್ಬರದ ಚೀಲದ ಮೇಲಿನ ಚಿತ್ರ ನೋಡಿ ನಾವು ಗೊಬ್ಬರ ಕೊಳ್ಳುವುದಿಲ್ಲ. 10:26:26 ಎಂಬ ಅಂಕಿ ನೋಡುತ್ತೇವೆ. ಮಾತ್ರೆಯ ಪಟ್ಟಿಯ ಮೇಲೂ ದೊಡ್ಡ ಅಕ್ಷರದ ವ್ಯಾಪಾರಿ ಹೆಸರಿನ ಹತ್ತಿರ ಚಿಕ್ಕ ಅಕ್ಷರದಲ್ಲಿ ಮದ್ದಿನ ನಿಜವಾದ ಹೆಸರು, ಎಷ್ಟು ಮಿಲಿಗ್ರಾಂ ಎಂಬುದು ಇರುತ್ತದೆ. ಅದನ್ನು ಓದಿರಿ, ಕನ್ನಡಕ ಬೇಕಾದರೆ ಮಕ್ಕಳಿಂದ ಓದಿಸಿರಿ. ಒಬ್ಬ ವೈದ್ಯರು ಒಂದು ಹೆಸರಿನಲ್ಲಿ, ಮತ್ತೊಬ್ಬರು ಇನ್ನೊಂದು ಹೆಸರಿನಲ್ಲಿ ಬರೆದು, ಒಂದೇ ಪ್ಯಾಂಟೊಪ್ರಜೋಲನ್ನು ಎರಡು ಪಾಲು ನುಂಗುತ್ತಿರುವವರು ನಮ್ಮ ನಡುವೆ ಇದ್ದಾರೆ. ಜನೌಷಧಿ ಮಳಿಗೆಯಲ್ಲಿ ಇದೇ ಮದ್ದು ತನ್ನ ಮೂಲ ಹೆಸರಿನಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ.

ಹೆಸರಿನ ಕೊನೆಯಲ್ಲಿ "ಡಿ", "ಡಿ.ಎಸ್.ಆರ್.", "ಎಲ್" ಎಂಬ ಬಾಲವಿದ್ದರೆ ಇನ್ನಷ್ಟು ಎಚ್ಚರ ಬೇಕು. ಅದರಲ್ಲಿ ಸಾಮಾನ್ಯವಾಗಿ ಎರಡನೆಯ ಮದ್ದೊಂದು ಸೇರಿರುತ್ತದೆ. ಡೊಂಪೆರಿಡೋನ್ ವಾಂತಿ ತಡೆಯಲು ಒಳ್ಳೆಯದಾದರೂ ಹೃದಯದ ಬಡಿತದ ಲಯ ಕೆಡಿಸುವ ಸಂಭವವಿದೆ. 2014ರಲ್ಲಿ ಯುರೋಪಿನ ಔಷಧ ನಿಯಂತ್ರಕರು ಇದನ್ನು ವಾಕರಿಕೆ, ವಾಂತಿಗೆ ಮಾತ್ರ, ಸಾಧಾರಣವಾಗಿ ಒಂದು ವಾರ ಮೀರದಂತೆ ಕೊಡಬೇಕೆಂದು ಮಿತಿ ಹಾಕಿದರು. ಲೆವೊಸಲ್ಪಿರೈಡ್ ಎಂಬ ಇನ್ನೊಂದು ಜೊತೆಮದ್ದನ್ನು ಬಹುಕಾಲ ತಿಂದ ವಯಸ್ಸಾದವರಲ್ಲಿ ಕೈನಡುಕ, ನಡಿಗೆ ನಿಧಾನವಾಗುವುದು ಕಂಡುಬರುತ್ತದೆ. ಮನೆಯ ಹಿರಿಯರಿಗೆ ಹೊಸದಾಗಿ ನಡುಕ ಬಂದಿದ್ದರೆ "ಗ್ಯಾಸಿನ ಮಾತ್ರೆ"ಯ ಪಟ್ಟಿಯನ್ನೂ ವೈದ್ಯರಿಗೆ ತೋರಿಸಿರಿ.

5. ಬೇರೆ ಮದ್ದುಗಳ ಜೊತೆ

ಮಳೆಗಾಲದಲ್ಲಿ ಗದ್ದೆ, ತೋಟದ ಕೆಸರಿನಿಂದ ಇಲಿಜ್ವರ ಬಂದರೆ ವೈದ್ಯರು ಡಾಕ್ಸಿಸೈಕ್ಲಿನ್ ಕೊಡುವುದುಂಟು. ಅದನ್ನು ಹುಳಿಮುರಿಯುವ ದ್ರವದ ಜೊತೆಗೆ ಕುಡಿದರೆ ಎರಡೂ ಹೊಟ್ಟೆಯಲ್ಲೇ ಅಂಟಿಕೊಂಡು, ಜ್ವರದ ಮದ್ದು ರಕ್ತಕ್ಕೆ ಸೇರುವುದೇ ಇಲ್ಲ. ಎರಡರ ನಡುವೆ ಎರಡು ಮೂರು ತಾಸಿನ ಅಂತರವಿರಲಿ. ಡಾಕ್ಸಿಸೈಕ್ಲಿನನ್ನು ಗುಟುಕು ನೀರಿನಲ್ಲಿ ನುಂಗಿ ಮಲಗಿದರೆ ಅದೇ ಅನ್ನನಾಳದಲ್ಲಿ ಕುಳಿತು ಸುಡುತ್ತದೆ. ದೊಡ್ಡ ಲೋಟ ನೀರು ಕುಡಿದು ಅರ್ಧ ತಾಸು ಕುಳಿತೇ ಇರಬೇಕು. ಕಬ್ಬಿಣಾಂಶದ ಮಾತ್ರೆಗೂ ಅಂತರ ಬೇಕು. ಥೈರಾಯ್ಡ್ ಮಾತ್ರೆಗೆ ನಾಲ್ಕು ತಾಸಿನ ಅಂತರ.

ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುವವರು ಒಮೆಪ್ರಜೋಲ್, ಎಸೊಮೆಪ್ರಜೋಲ್ ನುಂಗಿದರೆ ಆ ಮದ್ದಿನ ಬಲ ಕುಗ್ಗುತ್ತದೆ. ಅಂಥವರಿಗೆ ಸಾಮಾನ್ಯವಾಗಿ ಪ್ಯಾಂಟೊಪ್ರಜೋಲ್ ಆರಿಸುತ್ತಾರೆ. ಸೊಂಟನೋವಿಗೆ ನುಂಗುವ ಡೈಕ್ಲೊಫಿನಾಕ್, ಐಬುಪ್ರೊಫೇನ್ ಮಾತ್ರೆಗಳಂತೂ ಹೊಟ್ಟೆಗೆ ಹುಣ್ಣು ತರುವುದರಲ್ಲಿ ಪ್ರಸಿದ್ಧ. ನೋವಿನ ಮಾತ್ರೆಯಿಂದ ಉರಿ, ಉರಿಗೆ ಗ್ಯಾಸಿನ ಮಾತ್ರೆ ಎಂಬ ಗಾಣದ ಸುತ್ತನ್ನು ನೋವಿನ ಮಾತ್ರೆಯ ಕಡೆಯಿಂದಲೇ ಕಡಿಯಬೇಕು.

6. ಎಷ್ಟು ದಿನ? ಬಿಡುವುದು ಹೇಗೆ?

ಸಾಮಾನ್ಯ ಎದೆಯುರಿಗೆ "ಪ್ರಜೋಲ್" ಮದ್ದಿನ ಅವಧಿ ನಾಲ್ಕರಿಂದ ಎಂಟು ವಾರ. ಬಹುಕಾಲ ಮುಂದುವರಿಸಿದರೆ ಬಿ-12 ಜೀವಸತ್ವ ಮತ್ತು ಮೆಗ್ನೀಸಿಯಂ ಕಡಿಮೆಯಾಗಬಹುದು, ಭೇದಿಯ ಸೋಂಕು ಬೇಗ ತಗಲಬಹುದು. ವಯಸ್ಸಾದವರಲ್ಲಿ ಮೂಳೆ ಮುರಿತವೂ ಹೆಚ್ಚು ಕಂಡುಬಂದಿದೆ. ಹಾಗೆಂದು ಎಲ್ಲರೂ ಬಿಡಬೇಕೆಂದಲ್ಲ. ಅನ್ನನಾಳ ತೀವ್ರವಾಗಿ ಹುಣ್ಣಾದವರು, ಹಿಂದೆ ಹುಣ್ಣಿನಿಂದ ರಕ್ತ ಹೋಗಿದ್ದು ಹೃದಯಕ್ಕಾಗಿ ಆಸ್ಪಿರಿನ್ ತೆಗೆದುಕೊಳ್ಳಲೇಬೇಕಾದವರು, ಇಂಥವರಿಗೆ ವರ್ಷಗಟ್ಟಲೆ ಬೇಕಾಗುತ್ತದೆ. ಆದರೆ ಆ ತೀರ್ಮಾನ ವೈದ್ಯರದಾಗಿರಬೇಕು, ಅಂಗಡಿಯವನದಲ್ಲ.

ಬಹಳ ದಿನ ತಿಂದು ಒಮ್ಮೆಲೇ ನಿಲ್ಲಿಸಿದರೆ, ಕಟ್ಟೆ ಕಟ್ಟಿ ನಿಲ್ಲಿಸಿದ ನೀರು ನುಗ್ಗಿದಂತೆ ಆಮ್ಲ ಕೆಲವು ವಾರ ಹೆಚ್ಚಾಗಿ ಊರುತ್ತದೆ. "ನೋಡಿ, ಬಿಟ್ಟರೆ ಆಗುವುದೇ ಇಲ್ಲ" ಎಂದು ಜನ ಮತ್ತೆ ಶುರುಮಾಡುವುದು ಇಲ್ಲಿಯೇ. ಅದು ರೋಗ ಉಳಿದಿರುವುದಕ್ಕೆ ಸಾಕ್ಷಿಯಲ್ಲ, ಮದ್ದು ಬಿಟ್ಟದ್ದರ ಪರಿಣಾಮ ಇರಬಹುದು. ವೈದ್ಯರ ಸಲಹೆಯಂತೆ ಪ್ರಮಾಣ ಇಳಿಸಿ, ದಿನ ಬಿಟ್ಟು ದಿನ ಮಾಡಿ, ನಡುವೆ ಉರಿ ಬಂದರೆ ಹುಳಿಮುರಿಯುವ ದ್ರವ ಕುಡಿದು ದಾಟಬೇಕು.

ಹುಣ್ಣಿನ ಮಾತು ಬಂದದ್ದರಿಂದ ಒಂದು ವಿಷಯ. ಹೊಟ್ಟೆಹುಣ್ಣಿಗೆ ಖಾರವೂ ಚಿಂತೆಯೂ ಕಾರಣವೆಂದು ಲೋಕವೆಲ್ಲ ನಂಬಿತ್ತು. ಹೆಲಿಕೊಬ್ಯಾಕ್ಟರ್ ಎಂಬ ರೋಗಾಣು ಕಾರಣವೆಂದು ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ತೋರಿಸಿದರು. ಯಾರೂ ನಂಬದಿದ್ದಾಗ 1984ರಲ್ಲಿ ಮಾರ್ಷಲ್ ಆ ರೋಗಾಣುವನ್ನು ತಾವೇ ಕುಡಿದು ಜಠರದ ಉರಿಯೂತ ಬರಿಸಿಕೊಂಡರು! 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಈ ರೋಗಾಣುವಿಗೆ ಪರೀಕ್ಷೆಯಿದೆ, ಎರಡು ವಾರದ ಚಿಕಿತ್ಸೆಯಿದೆ. ಪರೀಕ್ಷೆಗೆ ಎರಡು ವಾರ ಮೊದಲು "ಪ್ರಜೋಲ್" ಮಾತ್ರೆ ನಿಲ್ಲಿಸದಿದ್ದರೆ ಫಲಿತಾಂಶ ತಪ್ಪಾಗಿ ಬರಬಹುದು.

7. ಕೊಯ್ಲಿಗೆ ಬರುವವರ ವಿಷಯ

ಕಾಫಿ ಕೊಯ್ಲಿಗೆ ಉತ್ತರ ಕರ್ನಾಟಕದಿಂದ ಕುಟುಂಬಗಳು ಬರುವುದು ನಮಗೆಲ್ಲ ತಿಳಿದದ್ದೇ. ಕಳೆದ ಹಂಗಾಮಿನಲ್ಲಿ ತೇರದಾಳದ ಕಡೆಯ ತಂಡವೊಂದರ ಹಿರಿಯರು ನಮ್ಮನ್ನು ಕೇಳಿದರು: "ಸಾಹೇಬ್ರ, ಊರಾಗ ಖಾರ ಹಚ್ಚಿಕೊಂಡು ಜ್ವಾಳದ ರೊಟ್ಟಿ ತಿಂದ್ರ ಏನೂ ಆಗೂದಿಲ್ರಿ. ಇಲ್ಲಿ ಬಂದ ಮ್ಯಾಲೆ ಎದಿ ಉರಿ ಹತ್ತೇತಿ. ಗ್ಯಾಸಿನ ಗುಳಿಗಿ ಇದ್ರ ಕೊಡ್ರಿ."

ಅವರ ದಿನಚರಿ ವಿಚಾರಿಸಿದಾಗ ಕಾರಣ ಖಾರವಲ್ಲವೆಂದು ಅರ್ಥವಾಯಿತು. ನಸುಕಿನಲ್ಲಿ ಬರೀ ಹೊಟ್ಟೆಗೆ ಎರಡು ಲೋಟ ಚಹಾ, ತಂಬಾಕು. ಊಟ ಮುಗಿದ ಕೂಡಲೇ ಸೊಂಟಕ್ಕೆ ಚೀಲ ಬಿಗಿದು ಬಗ್ಗಿ ಕೊಯ್ಲು. ಸಂಜೆ ಮೂಟೆ ಹೊತ್ತ ನೋವಿಗೆ ಅಂಗಡಿಯ ಗುಳಿಗೆ. ರಾತ್ರಿ ತಡವಾಗಿ ಹೊಟ್ಟೆ ತುಂಬ ಅನ್ನ ಉಂಡು ಒಡನೆಯೇ ಮಲಗುವುದು. ತೇರದಾಳದಲ್ಲಿ ರೊಟ್ಟಿ ಉಂಡು ಕಟ್ಟೆಯ ಮೇಲೆ ಒಂದು ತಾಸು ಕುಳಿತು ಮಾತಾಡುವ ಮನುಷ್ಯ ಇಲ್ಲಿ ಲೈನುಮನೆಯ ಚಳಿಗೆ ಉಂಡ ಕೈ ಒಣಗುವ ಮುನ್ನ ಕಂಬಳಿ ಹೊದ್ದರೆ ಉರಿ ಬಾರದೆ ಇದ್ದೀತೇ? ಊಟದ ನಂತರ ಅರ್ಧ ತಾಸು ಬಿಡುವು, ಸಂಜೆ ಬೇಗ ಅಡುಗೆಗೆ ಅನುಕೂಲ ಮಾಡಿಕೊಡುವುದು ನಮ್ಮ ಕೈಯಲ್ಲೇ ಇದೆ. ಗುಳಿಗೆ ಕೊಡುವುದಕ್ಕಿಂತ ಅದು ಅಗ್ಗ.

ಆದರೆ ಆ ತಂಡದಲ್ಲಿ ಇನ್ನೊಬ್ಬರಿದ್ದರು. ಮೂಟೆ ಹೊತ್ತು ದಿಣ್ಣೆ ಹತ್ತುವಾಗ ಮಾತ್ರ ಎದೆ ಬಿಗಿಯುವುದು, ನಿಂತರೆ ಕಡಿಮೆಯಾಗುವುದು. ಅವರೂ ಅದನ್ನು "ಗ್ಯಾಸು" ಎಂದೇ ಕರೆಯುತ್ತಿದ್ದರು. ಅವರಿಗೆ ಬೇಕಾದದ್ದು ಗುಳಿಗೆಯಲ್ಲ, ಇ.ಸಿ.ಜಿ. ಅಂಥವರಿಗೆ "ಊರಿಗೆ ಹೋದಾಗ ತೋರಿಸು" ಎಂದು ಹೇಳಿ ಕೈತೊಳೆದುಕೊಳ್ಳಬಾರದು. ಕೊಯ್ಲು ನಿಲ್ಲಿಸಿ ಅಂದೇ ಕರೆದೊಯ್ಯಬೇಕು. ಅವರ ಚೀಟಿ, ವರದಿಗಳನ್ನು ಅವರ ಕೈಯಲ್ಲೇ ಕೊಟ್ಟು ಕಳಿಸಿದರೆ ಮುಂದೆ ಜಮಖಂಡಿಯ ಆಸ್ಪತ್ರೆಯಲ್ಲಿ ತೋರಿಸುವಾಗ ಮೊದಲಿನಿಂದ ಶುರುಮಾಡಬೇಕಾಗುವುದಿಲ್ಲ.

8. ಗ್ಯಾಸೋ, ಹೃದಯವೋ?

ಈ ಪಾಠದಲ್ಲಿ ಒಂದೇ ಭಾಗ ನೆನಪಿಡುವುದಾದರೆ ಇದನ್ನು ನೆನಪಿಡಿ. ಅನ್ನನಾಳಕ್ಕೂ ಹೃದಯಕ್ಕೂ ನೋವು ತಿಳಿಸುವ ನರಗಳ ದಾರಿ ಹತ್ತಿರ ಹತ್ತಿರ. ಆದ್ದರಿಂದ ನೋವು ಯಾವುದರದೆಂದು ಒಳಗಿನಿಂದ ಹೇಳುವುದು ವೈದ್ಯರಿಗೇ ಕಷ್ಟ. ಮಾತ್ರೆ ನುಂಗಿ ಕಡಿಮೆಯಾಯಿತು, ತೇಗು ಬಂತು ಎಂಬ ಕಾರಣಕ್ಕೆ ಅದು ಗ್ಯಾಸೇ ಆಗಿತ್ತೆಂದು ತೀರ್ಮಾನಿಸಬಾರದು. ಹೃದಯದ ನೋವೂ ತಾನಾಗಿ ತಗ್ಗಿ ಮತ್ತೆ ಬರುತ್ತದೆ.

ಎದೆಯ ಮೇಲೆ ಭಾರವಿಟ್ಟಂತೆ ಒತ್ತುವುದು, ತಣ್ಣನೆಯ ಬೆವರು, ಉಸಿರು ಕಟ್ಟುವುದು, ನೋವು ತೋಳಿಗೆ ಅಥವಾ ದವಡೆಗೆ ಹರಿಯುವುದು, ನಡೆದರೆ ಹೆಚ್ಚಾಗುವುದು, ಇವುಗಳಲ್ಲಿ ಯಾವುದಿದ್ದರೂ ಜೀರಿಗೆ ಕಷಾಯ ಕಾಯಿಸುತ್ತಾ ಕೂರಬೇಡಿ. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ನೋವೇ ಇಲ್ಲದೆ ಬರೀ ಹೊಟ್ಟೆ ಉಬ್ಬರ, ವಾಕರಿಕೆ, ಸುಸ್ತು ಇರಬಹುದು. 2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳಿಂದ ಗಾಬರಿಯಾದ ಜನ ಮೈಸೂರಿನ ಜಯದೇವ ಆಸ್ಪತ್ರೆಯಲ್ಲಿ ನಸುಕಿನಿಂದಲೇ ಸಾಲು ನಿಂತದ್ದನ್ನು ಕಂಡಿದ್ದೇವೆ. ನೋವಿಲ್ಲದಾಗ ಗಾಬರಿ, ನೋವಿದ್ದಾಗ ಉದಾಸೀನ, ಎರಡೂ ಬೇಡ.

ರಾಜ್ಯ ಸರ್ಕಾರ 2023ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆಯನ್ನು ಆರಂಭಿಸಿತು. ಯೋಜನೆಗೆ ಸೇರಿದ ತಾಲ್ಲೂಕು ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದು ದೂರದ ತಜ್ಞರಿಗೆ ಕಳಿಸುತ್ತಾರೆ. ಹೃದಯಾಘಾತವೆಂದು ಕಂಡು ಬಂದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಆ ಮದ್ದು ಎಷ್ಟು ಬೇಗ ಬಿದ್ದರೆ ಅಷ್ಟು ಹೃದಯ ಉಳಿಯುತ್ತದೆ. ನಿಮ್ಮ ತಾಲ್ಲೂಕಿನ ಆಸ್ಪತ್ರೆಯಲ್ಲಿ ಈ ಸೌಲಭ್ಯವಿದೆಯೇ ಎಂದು ಆರೋಗ್ಯವಾಗಿರುವಾಗಲೇ ವಿಚಾರಿಸಿಡಿ. 108ಕ್ಕೆ ಕರೆ ಮಾಡಿ. ಫೋನ್ ಸಿಗದ ಕಣಿವೆಯಲ್ಲಿದ್ದರೆ ನೆರೆಮನೆಯ ಜೀಪು ಯಾವುದೆಂದು ಮೊದಲೇ ಗೊತ್ತುಮಾಡಿಕೊಳ್ಳಿ. ರೋಗಿ ತಾನೇ ಗಾಡಿ ಓಡಿಸಕೂಡದು.

ಇನ್ನು ನುಂಗಲು ಕಷ್ಟವಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಡಾಂಬರಿನಂತೆ ಕಪ್ಪು ಮಲ, ರಕ್ತವಾಂತಿ, ರಕ್ತಹೀನತೆ, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ಉರಿ, ಇವಕ್ಕೆ ಎಂಡೋಸ್ಕೋಪಿ ಬೇಕು. ಹೊಗೆಸೊಪ್ಪಿನ ಕವಳ ಅನ್ನನಾಳದ ಕ್ಯಾನ್ಸರಿಗೂ ದಾರಿಯಾದ್ದರಿಂದ ಅದರ ಅಭ್ಯಾಸವಿರುವವರು ನುಂಗುವ ತೊಂದರೆಯನ್ನು ಮಾತ್ರೆಯಿಂದ ಮುಚ್ಚಿಡಬಾರದು.

9. ಮದ್ದಿಲ್ಲದ ಮದ್ದು

ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಆರೇಳು ಅಂಗುಲದ ಮರದ ತುಂಡು ಇಡಿ; ದಿಂಬು ಪೇರಿಸುವುದರಿಂದ ಹೊಟ್ಟೆ ಮಡಿಚಿಕೊಳ್ಳುತ್ತದೆಯೇ ಹೊರತು ಪ್ರಯೋಜನವಿಲ್ಲ. ಎಡಮಗ್ಗುಲಲ್ಲಿ ಮಲಗಿ. ರಾತ್ರಿಯೂಟಕ್ಕೂ ನಿದ್ದೆಗೂ ಮೂರು ತಾಸು ಅಂತರವಿರಲಿ. ಬೊಜ್ಜಿದ್ದರೆ ಇಳಿಸಿ, ವಾಲ್ವಿನ ಭಾರ ತಗ್ಗಿಸುವ ದಾರಿ ಇದು.

ಕಾಫಿಯ ಬಗ್ಗೆ ಕೇಳುವವರಿದ್ದಾರೆ. ಬೆಳೆಗಾರರಾದ ನಾವು ಅದರ ಬಗ್ಗೆ ಇದ್ದದ್ದನ್ನು ಇದ್ದಂತೆ ಹೇಳಬೇಕು: ಕಾಫಿಯಿಂದ ಎಲ್ಲರಿಗೂ ಉರಿ ಬರುವುದಿಲ್ಲ, ಕೆಲವರಿಗೆ ಖಂಡಿತ ಬರುತ್ತದೆ. ಎರಡು ವಾರ ಬಿಟ್ಟು ನೋಡಿ, ಮತ್ತೆ ಕುಡಿದು ನೋಡಿ. ವ್ಯತ್ಯಾಸ ಕಾಣದಿದ್ದರೆ ನಿಶ್ಚಿಂತೆಯಿಂದ ಕುಡಿಯಿರಿ. ಕಂಡರೆ ತಿಂಡಿಯ ನಂತರ ಒಂದೇ ಲೋಟಕ್ಕೆ ಇಳಿಸಿ.

ಈ ವಾರ ಪ್ರತಿಯೊಬ್ಬ ಸದಸ್ಯರೂ ಒಂದು ಕೆಲಸ ಮಾಡಬೇಕೆಂದು ಕೋರುತ್ತೇವೆ. ಮನೆಯ ಮದ್ದಿನ ಡಬ್ಬಿಯನ್ನು ಮೇಜಿನ ಮೇಲೆ ಸುರಿಯಿರಿ. ಅವಧಿ ಮುಗಿದದ್ದನ್ನು ಎಸೆಯಿರಿ. ಉಳಿದ ಪ್ರತಿ "ಗ್ಯಾಸಿನ ಮಾತ್ರೆ"ಯ ಮೇಲೂ ಮೂರು ಸಂಗತಿ ಬರೆದಿಡಿ: ಮದ್ದಿನ ನಿಜವಾದ ಹೆಸರು, ನುಂಗುವ ಹೊತ್ತು, ನಿಲ್ಲಿಸುವ ದಿನ. ಮೂರನೆಯದನ್ನು ಬರೆಯಲು ಆಗದಿದ್ದರೆ ಆ ಪಟ್ಟಿಯನ್ನು ಹಿಡಿದುಕೊಂಡು ವೈದ್ಯರ ಬಳಿ ಹೋಗಿ ಬನ್ನಿ.